ಹಸಿರು ಸೀಮೆಸುಣ್ಣ, ಎರಡು ಲಕೋಟೆ: ಒಂದೇ ದಿನದಲ್ಲಿ ಸೈಪ್ರಸ್ ಸಂಧಾನ ಮಾಡಿಸುವ ಬಗೆ

ಮೊದಲ ಸಲ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬಿ.ಎ. ಎರಡನೇ ವರ್ಷದವರಿಗೆ ಅಂತರರಾಷ್ಟ್ರೀಯ ಸಂಬಂಧಗಳ ಪಾಠವನ್ನು ಬರೀ ನೋಟ್ಸ್ ಬರೆಸಿ ಮುಗಿಸಬಾರದು, ಒಂದು ದಿನ ಸಂಧಾನ ಮಾಡಿಸಿ ನೋಡೋಣ ಅಂತ ಭಾರತ–ಪಾಕಿಸ್ತಾನ ತಗೊಂಡೆ. ಹತ್ತು ನಿಮಿಷ ನಡೆಯಲಿಲ್ಲ. ಪಾಕಿಸ್ತಾನದ ನಿಯೋಗದಲ್ಲಿ ಕೂರಿಸಿದ್ದ ಹುಡುಗ ಎದ್ದು ನಿಂತು, "ನಾ ಈ ಕಡಿ ಕೂಡಂಗಿಲ್ರಿ ಮೇಡಂ, ನಮ್ಮಪ್ಪಗ ಗೊತ್ತಾದ್ರ ಬಡೀತಾರ" ಅಂದ. ಅವನ ಹಿಂದೆ ಉಳಿದವರೂ ಬೆಂಚು ಬಿಟ್ಟು ಆಚೆ ಹೋದರು. ಇಡೀ ತರಗತಿ ಒಂದೇ ಪಕ್ಷ. ಸಂಧಾನ ಯಾರ ಜೊತೆ ಮಾಡಿಸಲಿ?

ಆಮೇಲೆ ಸೈಪ್ರಸ್ ಹಿಡಿದೆ, ಟರ್ಕಿಯ ದಕ್ಷಿಣಕ್ಕೆ ಮೆಡಿಟರೇನಿಯನ್ ಸಮುದ್ರದಲ್ಲಿ ಗ್ರೀಕರು, ತುರ್ಕರು ಇರುವ ದ್ವೀಪ. ಇಲ್ಲಿಯವರೆಗೆ ಒಂಬತ್ತು ಸಲ ಮಾಡಿಸಿದ್ದೇನೆ. ನಾನು ಅತಿಥಿ ಉಪನ್ಯಾಸಕಿ, ಬೀದರಿನಲ್ಲಿ ಯಾವ ವರ್ಷ ಯಾವ ಕಾಲೇಜು ಕರೆಯಿತೋ ಅಲ್ಲಿ. ನಮ್ಮ ಮಕ್ಕಳಿಗೆ ಆ ದ್ವೀಪದಲ್ಲಿ ನೆಂಟರಿಲ್ಲ, ಕ್ರಿಕೆಟ್ ತಂಡದ ಸಿಟ್ಟಿಲ್ಲ. ಅಳತೆಯೂ ಕೈಗೆ ಸಿಗುವಂಥದ್ದು: ಇಡೀ ದ್ವೀಪ 9,251 ಚದರ ಕಿಲೋಮೀಟರ್, ನಮ್ಮ ಪಕ್ಕದ ಕಲಬುರಗಿ ಜಿಲ್ಲೆಗಿಂತ ಸ್ವಲ್ಪ ಸಣ್ಣದು. ಇದನ್ನು ಹೇಳಿದ ಕೂಡಲೇ ಪ್ರತಿ ವರ್ಷ ಯಾರಾದರೊಬ್ಬರು "ಇಷ್ಟ ಜಾಗಕ್ಕ ಐವತ್ತು ವರ್ಷ ಜಗಳೇನ್ರಿ?" ಅಂತ ಕೇಳೇ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಬೇಡಿ. ಮಧ್ಯಾಹ್ನದ ಹೊತ್ತಿಗೆ ಅವರೇ ಜಗಳ ಆಡುತ್ತಿರುತ್ತಾರೆ.

ಹಿಂದಿನ ದಿನ ಒಂದು ಹಾಳೆಯಷ್ಟು ಇತಿಹಾಸ ಕೊಡಿ, ಹೆಚ್ಚು ಬೇಡ. ನಾನು ಕೊಡುವುದು ಇಷ್ಟು. 1960ರಲ್ಲಿ ಬ್ರಿಟಿಷರಿಂದ ಸ್ವಾತಂತ್ರ್ಯ. ಗ್ರೀಸ್, ಟರ್ಕಿ, ಬ್ರಿಟನ್ ಮೂರೂ ಅದಕ್ಕೆ ಖಾತರಿದಾರ ದೇಶಗಳು. ಅಧ್ಯಕ್ಷ ಗ್ರೀಕ್ ಸಮುದಾಯದವರು, ಉಪಾಧ್ಯಕ್ಷ ತುರ್ಕರು. ಸಂಸತ್ತಿನ 50 ಸ್ಥಾನದಲ್ಲಿ 35 ಗ್ರೀಕರಿಗೆ, 15 ತುರ್ಕರಿಗೆ. 1963ರ ಕೊನೆಗೆ ಅಧ್ಯಕ್ಷ ಆರ್ಚ್‌ಬಿಷಪ್ ಮಕಾರಿಯೋಸ್ ಸಂವಿಧಾನಕ್ಕೆ 13 ತಿದ್ದುಪಡಿ ಸೂಚಿಸಿದರು, ರಾಜಧಾನಿ ನಿಕೋಸಿಯಾದಲ್ಲಿ ರಕ್ತ ಹರಿಯಿತು. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು, ಇನ್ನೂ ಅಲ್ಲೇ ಇದೆ. 1974ರ ಜುಲೈ 15ರಂದು ಗ್ರೀಸ್‌ನ ಸೇನಾಡಳಿತದ ಬೆಂಬಲದಿಂದ ಮಕಾರಿಯೋಸರನ್ನು ಕೆಳಗಿಳಿಸಿದರು. ಐದೇ ದಿನಕ್ಕೆ ಟರ್ಕಿಯ ಸೈನ್ಯ ಇಳಿಯಿತು. ಆಗಸ್ಟ್ ಹೊತ್ತಿಗೆ ದ್ವೀಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಅದರ ಕೈಯಲ್ಲಿತ್ತು. 1983ರಲ್ಲಿ ತುರ್ಕರ ಉತ್ತರ ಭಾಗ ತಾನೇ ಪ್ರತ್ಯೇಕ ದೇಶ ಎಂದು ಘೋಷಿಸಿಕೊಂಡಿತು. ಒಪ್ಪಿದ್ದು ಟರ್ಕಿ ಒಂದೇ. ಮುಗಿಯಿತು. ಉಳಿದದ್ದು ಆಟದೊಳಗೇ ಬರುತ್ತದೆ.

ಪಾತ್ರ ಹಂಚುವಾಗ ಒಂದು ಎಚ್ಚರ. ಗ್ರೀಕ್ ಸೈಪ್ರಿಯೋಟರು ಬಹುಪಾಲು ಕ್ರೈಸ್ತರು, ತುರ್ಕ್ ಸೈಪ್ರಿಯೋಟರು ಮುಸ್ಲಿಮರು ಅಂತ ಹಾಳೆಯಲ್ಲಿ ಓದಿದ ತಕ್ಷಣ ತರಗತಿಯ ಕಣ್ಣು ತಾನಾಗಿ ಕೆಲವು ಬೆಂಚುಗಳ ಕಡೆ ಹೋಗುತ್ತದೆ. ಹೆಸರು ನೋಡಿ ಪಾತ್ರ ಕೊಡಬೇಡಿ. ಚೀಟಿ ಎತ್ತಿಸಿ. ಮೂರನೇ ವರ್ಷ ನಾನು ಚೀಟಿ ಬರೆಯಲು ಸೋಮಾರಿತನ ಮಾಡಿ, ಯಾರಿಗೆ ಯಾವುದು ಬೇಕೋ ತಗೊಳ್ಳಿ ಅಂದೆ. ಯಾರು ಯಾವುದನ್ನು ತಗೊಂಡರು ಅಂತ ನಾನು ಹೇಳಬೇಕಾಗಿಲ್ಲ. ಅವತ್ತು ನಡೆದದ್ದು ಸೈಪ್ರಸ್ ಮಾತುಕತೆ ಆಗಿರಲಿಲ್ಲ, ನಮ್ಮ ಊರಿನದೇ ಆಗಿತ್ತು.

ಇಪ್ಪತ್ತೆರಡು ಜನ ಸಾಕು. ಎರಡೂ ಕಡೆ ಒಬ್ಬೊಬ್ಬ ನಾಯಕ, ಇಬ್ಬಿಬ್ಬರು ಸಲಹೆಗಾರರು. ಪ್ರತಿ ನಾಯಕನ ಬೆನ್ನ ಹಿಂದೆ ನಾಲ್ವರು ವಿರೋಧ ಪಕ್ಷ. ಇದನ್ನು ಬಿಡಬೇಡಿ, ಆಟದ ಜೀವ ಇವರೇ. ಮೂರು ಖಾತರಿದಾರ ದೇಶಗಳಿಗೆ ಒಬ್ಬೊಬ್ಬರು. ವಿಶ್ವಸಂಸ್ಥೆಯ ರಾಯಭಾರಿ, ಶಾಂತಿಪಾಲನಾ ಪಡೆಯ ಕಮಾಂಡರ್, ಮತ್ತೆ ಇಬ್ಬರು ಪತ್ರಕರ್ತರು. ಒಂದೆಡೆ ಕೇಳಿದ್ದನ್ನು ಇನ್ನೊಂದೆಡೆ ಊದುವುದೇ ಪತ್ರಕರ್ತರ ಕೆಲಸ. ಕೂತು ಸುಮ್ಮನೆ ನೋಡುವವನೊಬ್ಬನಿಗೆ ಯುರೋಪಿಯನ್ ಒಕ್ಕೂಟದ ಚೀಟಿ. ಮಿಕ್ಕವರು ಮತದಾರರು, ಅರ್ಧ ಆ ಕಡೆ, ಅರ್ಧ ಈ ಕಡೆ.

ಕಮಾಂಡರ್ ಚೀಟಿ ಯಾರಿಗೂ ಬೇಡ, ಮಾತು ಕಡಿಮೆ ಅಂತ. ಅದನ್ನು ಎತ್ತಿದವರಿಗೆ ಜನರಲ್ ತಿಮ್ಮಯ್ಯನವರ ಕಥೆ ಹೇಳಿ. ಕೊಡಗಿನವರು, ನಮ್ಮ ಸೈನ್ಯದ ಮುಖ್ಯಸ್ಥರಾಗಿ ನಿವೃತ್ತರಾದ ಮೇಲೆ 1964ರ ಜುಲೈನಲ್ಲಿ ಸೈಪ್ರಸ್ ಪಡೆಯ ಕಮಾಂಡರ್ ಆಗಿ ಹೋದರು. 1965ರ ಡಿಸೆಂಬರ್ 18ರಂದು ಅಲ್ಲೇ, ಕರ್ತವ್ಯದಲ್ಲಿದ್ದಾಗಲೇ ತೀರಿಕೊಂಡರು. ಮರುವರ್ಷ ಸೈಪ್ರಸ್ ಅವರ ಚಿತ್ರದ ಅಂಚೆಚೀಟಿ ತಂದಿತು. ಅವರಿಗಿಂತ ಮುಂಚಿನ ಕಮಾಂಡರ್ ಜ್ಞಾನಿ, 1974ರಲ್ಲಿ ಇದ್ದ ಪ್ರೇಮ್ ಚಂದ್, ಇಬ್ಬರೂ ಭಾರತೀಯರೇ. ಎರಡೂ ಕಡೆಯವರು ನಿಕೋಸಿಯಾ ವಿಮಾನ ನಿಲ್ದಾಣಕ್ಕಾಗಿ ಹೊಡೆದಾಡುತ್ತಿದ್ದಾಗ ಅದು ವಿಶ್ವಸಂಸ್ಥೆಯ ರಕ್ಷಣೆಗೆ ಬಂದದ್ದು ಪ್ರೇಮ್ ಚಂದ್ ಕಮಾಂಡರ್ ಆಗಿದ್ದಾಗ. ಈಗಲೂ ಅಲ್ಲಿ ಪ್ರಯಾಣಿಕರ ವಿಮಾನ ಇಳಿಯುವುದಿಲ್ಲ, ಆದರೆ ಸಂಧಾನದ ಎಷ್ಟೋ ಸಭೆಗಳು ಆ ಆವರಣದಲ್ಲೇ ನಡೆದಿವೆ. ಇಷ್ಟು ಕೇಳಿದ ಮೇಲೆ ಕಮಾಂಡರ್ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾನೆ.

ಇನ್ನು ಕೋಣೆ. ನೆಲದ ಮೇಲೆ ಹಸಿರು ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಹಸಿರೇ ಯಾಕೆ ಅಂದರೆ 1963ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೇಜರ್ ಜನರಲ್ ಪೀಟರ್ ಯಂಗ್ ನಿಕೋಸಿಯಾದ ನಕಾಶೆ ಮೇಲೆ ಕದನವಿರಾಮದ ಗೆರೆ ಎಳೆದದ್ದು ಹಸಿರು ಪೆನ್ಸಿಲಿನಲ್ಲಿ. ಹೆಸರೇ ಉಳಿಯಿತು: ಹಸಿರು ಗೆರೆ. ಈಗ ಅದು ಸುಮಾರು 180 ಕಿಲೋಮೀಟರ್ ಉದ್ದದ ಬಫರ್ ವಲಯ. ಹಳೇ ಪೇಟೆಯಲ್ಲಿ ಕೆಲವೆಡೆ ನಾಲ್ಕು ಮೀಟರ್ ಅಗಲವೂ ಇಲ್ಲ, ಬಯಲಿನಲ್ಲಿ ಏಳು ಕಿಲೋಮೀಟರ್ ಮೀರುತ್ತದೆ. ನಮ್ಮ ತರಗತಿಯಲ್ಲಿ ನಾನು ಬಾಗಿಲ ಹತ್ತಿರ ಒಂದು ಮೊಳ, ಕಿಟಕಿ ಹತ್ತಿರ ಒಂದು ಬೆಂಚಿನಷ್ಟು ಬಿಡುತ್ತೇನೆ. ನಿಮ್ಮಲ್ಲಿ ಶಹಾಬಾದ್ ಫರಸಿ ಇದ್ದರೆ ಹಸಿರು ಸೀಮೆಸುಣ್ಣ ಒಣ ಬಟ್ಟೆಗೆ ಹೋಗುವುದಿಲ್ಲ, ಒಂದು ಬಕೆಟ್ ನೀರು ಮೊದಲೇ ಇಟ್ಟುಕೊಳ್ಳಿ. ನಮ್ಮ ಅಟೆಂಡರ್ ಈ ಒಂದು ಕಾರಣಕ್ಕೆ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು.

ಈಗ ನಾನು ಅತಿ ಹೆಚ್ಚು ಹೊತ್ತು ಕೊಡುವ ಕೆಲಸ: ಹೆಸರಿನ ಫಲಕ. ಎಲ್ಲರೂ ನಕಾಶೆ ಬಿಚ್ಚಿ ಶುರು ಮಾಡಬೇಕು ಅಂದುಕೊಳ್ಳುತ್ತಾರೆ. ಬೇಡ. ನಕಾಶೆಗಿಂತ ಮೊದಲು ಶಬ್ದಗಳು. ಎರಡೂ ನಿಯೋಗಕ್ಕೆ ಬೇರೆ ಬೇರೆ ಚೀಟಿ ಕೊಡುತ್ತೇನೆ. ದಕ್ಷಿಣದವರ ಚೀಟಿಯಲ್ಲಿ 1974ರದು 'ಆಕ್ರಮಣ', ಉತ್ತರದ ಆಡಳಿತ 'ಹುಸಿ ರಾಜ್ಯ', ನಿಕೋಸಿಯಾ ಊರಿನ ಹೆಸರು ಲೆಫ್ಕೋಸಿಯಾ. ಉತ್ತರದವರ ಚೀಟಿಯಲ್ಲಿ ಅದೇ 1974 'ಶಾಂತಿ ಕಾರ್ಯಾಚರಣೆ', ಎದುರಿನವರು 'ಗ್ರೀಕ್ ಸೈಪ್ರಿಯೋಟ್ ಆಡಳಿತ', ಊರು ಲೆಫ್ಕೋಶಾ. ವಿಶ್ವಸಂಸ್ಥೆಯ ರಾಯಭಾರಿಗೆ ಕಟ್ಟುನಿಟ್ಟು: ಇವೆರಡೂ ಚೀಟಿಯ ಒಂದು ಶಬ್ದವನ್ನೂ ಬಳಸದೆ ಐದು ನಿಮಿಷ ಸ್ವಾಗತ ಭಾಷಣ ಮಾಡಬೇಕು. ಮೇಜಿನ ಮೇಲಿನ ಫಲಕದಲ್ಲಿ 'ಅಧ್ಯಕ್ಷ' ಅಂತ ಬರೆಯುವಂತಿಲ್ಲ. ನಿಜವಾದ ಮಾತುಕತೆಯಲ್ಲೂ ವಿಶ್ವಸಂಸ್ಥೆ ಇಬ್ಬರನ್ನೂ ಆಯಾ ಸಮುದಾಯದ 'ನಾಯಕ' ಅಂತಲೇ ಕರೆಯುವುದು. ಒಂದು ವರ್ಷ ರಾಯಭಾರಿ ಆಗಿದ್ದ ಭಾಲ್ಕಿಯ ಹುಡುಗಿ ಐದು ನಿಮಿಷವೂ 'ತಾವು', 'ಇವರು', 'ಆ ವರ್ಷ ಆದದ್ದು' ಅಂತಲೇ ದಾಟಿಸಿದಳು. ಅತ್ತೆ-ಸೊಸೆ ಜಗಳದಲ್ಲಿ ನಡುಮನೆಯಲ್ಲಿ ಕೂತವರು ಹೀಗೇ ಮಾತಾಡುತ್ತಾರೆ. ನೂರಕ್ಕೆ ನೂರು ಅಂಕ ಕೊಟ್ಟೆ.

ಇಷ್ಟೊಂದು ಶಬ್ದದ ಗಲಾಟೆ ಯಾಕೆ ಅಂತ ಮಕ್ಕಳಿಗೆ ಅನ್ನಿಸಿದರೆ ಮನೆಗೆ ಕಳಿಸಿ. ಅಂದರೆ ಹಿಂದಿನ ದಿನವೇ ಒಂದು ಕೆಲಸ ಕೊಟ್ಟಿರಿ: 1948ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ಆದದ್ದಕ್ಕೆ ಮನೆಯ ಹಿರಿಯರು ಏನಂತಾರೆ ಕೇಳಿಕೊಂಡು ಬನ್ನಿ. ಸೆಪ್ಟೆಂಬರ್ 13ರಿಂದ 17ರವರೆಗೆ ಹೈದರಾಬಾದ್ ಸಂಸ್ಥಾನದೊಳಕ್ಕೆ ಬಂದದ್ದು ಟ್ಯಾಂಕು ಸಮೇತ ಭಾರತದ ಸೈನ್ಯ, ಸೈನ್ಯದ ಕಡತದಲ್ಲಿ ಅದು ಆಪರೇಷನ್ ಪೋಲೋ. ಆದರೆ ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಇವತ್ತಿಗೂ 'ಪೊಲೀಸ್ ಆಕ್ಷನ್'. ನಿಜಾಮರ ಸರ್ಕಾರ ಭದ್ರತಾ ಮಂಡಳಿಗೆ ದೂರು ಒಯ್ದಿತ್ತು. ಪೊಲೀಸ್ ಅಂದರೆ ಮನೆಯೊಳಗಿನ ವಿಷಯ, ಸೈನ್ಯ ಅಂದರೆ ಎರಡು ದೇಶಗಳ ವಿಷಯ. ಒಂದೇ ಶಬ್ದದಲ್ಲಿ ಇಡೀ ವಾದ ಅಡಗಿದೆ. ಸೆಪ್ಟೆಂಬರ್ 17ಕ್ಕೂ ಅಷ್ಟೇ: ನಾನು ಓದುವಾಗ ಹೈದರಾಬಾದ್ ಕರ್ನಾಟಕ ವಿಮೋಚನಾ ದಿನ, ಈಗ ಕಲ್ಯಾಣ ಕರ್ನಾಟಕ ಉತ್ಸವ. ಕೆಲವು ಮನೆಗಳಿಂದ ಮಕ್ಕಳು ರಜಾಕಾರರ ಹಾವಳಿಯ ಕಥೆ ತರುತ್ತಾರೆ. ಕೆಲವು ಮನೆಗಳಿಂದ ಆ ಸೆಪ್ಟೆಂಬರಿನ ನಂತರದ ದಿನಗಳ ಕಥೆ ಬರುತ್ತದೆ, ಅಥವಾ "ಅಜ್ಜಿ ಏನೂ ಹೇಳಲಿಲ್ರಿ" ಅಂತ ಬರುತ್ತದೆ. ಎಲ್ಲವನ್ನೂ ಕಪ್ಪು ಹಲಗೆ ಮೇಲೆ ಬರೆಯಿರಿ, ಯಾವುದು ಸರಿ ಅಂತ ತೀರ್ಪು ಕೊಡಬೇಡಿ. ಹೆಸರಿನ ಫಲಕಕ್ಕೆ ಆಮೇಲೆ ಯಾರೂ ನಗುವುದಿಲ್ಲ.

ಹನ್ನೆರಡು ಗಂಟೆಗೆ ಲಕೋಟೆ. ಇದು ನನ್ನ ಆಟದ ಹೊಟ್ಟೆ.

ಎರಡು ಲಕೋಟೆ ಮುಚ್ಚಿ ಅಂಟಿಸಿ ತಂದಿರುತ್ತೇನೆ. ಗ್ರೀಕ್ ಸೈಪ್ರಿಯೋಟ್ ನಾಯಕನ ಲಕೋಟೆ ಮೇಲೆ 'ನಿಕಿಫೋರೋಸ್', ತುರ್ಕ್ ಸೈಪ್ರಿಯೋಟ್ ನಾಯಕನದರ ಮೇಲೆ 'ಟೋರೋಸ್'. ಇವೆರಡೂ ನಿಜವಾದ ವಾರ್ಷಿಕ ಸಮರಾಭ್ಯಾಸಗಳ ಹೆಸರು. ಮೊದಲನೆಯದಕ್ಕೆ ಜಯ ತರುವವನು ಎಂಬ ಅರ್ಥ, ಎರಡನೆಯದು ಟರ್ಕಿಯ ದಕ್ಷಿಣದ ಪರ್ವತಸಾಲಿನ ಹೆಸರು. ಒಳಗಿನ ಹಾಳೆಯಲ್ಲಿ ಒಂದೇ ಸಾಲು: 'ಮುಂದಿನ ತಿಂಗಳು ನಿಮ್ಮ ಸಮರಾಭ್ಯಾಸ. ನಡೆಸುತ್ತೀರಾ, ರದ್ದು ಮಾಡುತ್ತೀರಾ, ಆ ಕಡೆಯವರು ರದ್ದು ಮಾಡಿದರೆ ಮಾತ್ರ ರದ್ದು ಅನ್ನುತ್ತೀರಾ?' ಅರ್ಧ ಗಂಟೆ ಕೊಡಿ. ಎದುರಿನವರ ಜೊತೆ ಮಾತಾಡುವ ಹಾಗಿಲ್ಲ. ಉತ್ತರ ಬರೆದು ಕಮಾಂಡರ್ ಕೈಗೆ.

ಲಕೋಟೆ ಒಡೆದ ಮೇಲೆ ನಾಯಕನ ಮುಖ ನೋಡಬೇಡಿ, ಹಿಂದಿನ ನಾಲ್ವರು ವಿರೋಧ ಪಕ್ಷದವರನ್ನು ನೋಡಿ. ಅವರು ಕಿವಿಯಲ್ಲಿ ಊದಲು ಶುರು ಮಾಡುತ್ತಾರೆ: "ರದ್ದ ಮಾಡಿದ್ರ ಅಂಜ್ಯಾನ ಅಂತಾರ ನೋಡಪ್ಪ." ಎದುರಿನವರಿಗೆ ಹೆದರಿ ಸಮರಾಭ್ಯಾಸ ನಡೆಸುವ ನಾಯಕನನ್ನು ನಾನು ಇನ್ನೂ ಕಂಡಿಲ್ಲ. ಎಲ್ಲರೂ ಹೆದರುವುದು ಬೆನ್ನ ಹಿಂದಿನವರಿಗೆ.

ಮೊದಲ ವರ್ಷಗಳಲ್ಲಿ ಎಲ್ಲರೂ 'ನಡೆಸುತ್ತೇವೆ' ಅಂತಲೇ ಬರೆದರು. ಆಮೇಲಿನ ಬ್ಯಾಚುಗಳು ಚಾಲಾಕು, ಮೂರನೇ ಆಯ್ಕೆ ಹಿಡಿದವು: ನೀವು ರದ್ದು ಮಾಡಿದರೆ ನಾವೂ ರದ್ದು. ಎರಡೂ ಕಡೆ ಅದನ್ನೇ ಬರೆದರೆ ಏನಾಗುತ್ತದೆ? ಇಬ್ಬರೂ ಇನ್ನೊಬ್ಬರನ್ನು ಕಾಯುತ್ತ ಕೂರುತ್ತಾರೆ. ಆಗ ನಾನು 2008ರ ಕಥೆ ಹೇಳುತ್ತೇನೆ. ಆ ವರ್ಷದ ಸೆಪ್ಟೆಂಬರ್ 3ರಂದು ಗ್ರೀಕ್ ಸೈಪ್ರಿಯೋಟ್ ನಾಯಕ ಕ್ರಿಸ್ಟೋಫಿಯಾಸ್ ಮತ್ತು ತುರ್ಕ್ ಸೈಪ್ರಿಯೋಟ್ ನಾಯಕ ತಲತ್ ಪೂರ್ಣ ಪ್ರಮಾಣದ ಮಾತುಕತೆ ಶುರು ಮಾಡಿದ್ದರು. ಇಬ್ಬರೂ ಎಡಪಕ್ಷದವರು, ಹಳೇ ಪರಿಚಯದವರು. ಅಕ್ಟೋಬರ್‌ನಲ್ಲಿ ಕ್ರಿಸ್ಟೋಫಿಯಾಸ್ ನಿಕಿಫೋರೋಸ್ ರದ್ದು ಮಾಡಿದರು, ಆ ಕಡೆಯಿಂದ ಟೋರೋಸ್ ರದ್ದಾಯಿತು. ಮರುವರ್ಷವೂ ಹಾಗೇ. ಒಂದಿಂಚು ನೆಲ ಹೋಗಲಿಲ್ಲ, ಯಾವ ಕಾಗದದ ಮೇಲೂ ರುಜು ಬೀಳಲಿಲ್ಲ, ಮುಂದಿನ ವರ್ಷ ಬೇಕೆಂದರೆ ಮತ್ತೆ ನಡೆಸಬಹುದು. ಸಂಧಾನದ ಮೇಜಿನ ಮೇಲೆ ಇಷ್ಟು ಅಗ್ಗಕ್ಕೆ ಕೊಡಬಹುದಾದದ್ದು ಇನ್ನೊಂದಿಲ್ಲ. ಆದರೆ ಅಗ್ಗದ್ದನ್ನು ಕೊಟ್ಟು ದುಬಾರಿಯದ್ದು ಸಿಗುತ್ತದೆ ಅಂತ ಮಕ್ಕಳಿಗೆ ನಂಬಿಸಬೇಡಿ. ಆ ಇಬ್ಬರು ಗೆಳೆಯರ ಮಾತುಕತೆಯೂ ಒಪ್ಪಂದಕ್ಕೆ ಮುಟ್ಟಲಿಲ್ಲ. 2010ರಲ್ಲಿ ತಲತ್ ಚುನಾವಣೆಯಲ್ಲಿ ಸೋತರು.

ಸಮರಾಭ್ಯಾಸ ಅಂದರೆ ಬರೀ ಬೆದರಿಕೆ ಅಂತಲೂ ಹೇಳಿಕೊಡಬೇಡಿ. ಸೈನ್ಯ ಅಂದಮೇಲೆ ಅಭ್ಯಾಸ ಬೇಕು. ಇಲ್ಲಿ ಬೀದರಿನವರಿಗೆ ಅನುಕೂಲ ಇದೆ. ವಾಯುಪಡೆಯ ನೆಲೆ ಊರಿಗೇ ಅಂಟಿಕೊಂಡಿದೆ, ಹಾಕ್ ವಿಮಾನಗಳಲ್ಲಿ ಎಳೆಯ ಪೈಲಟ್‌ಗಳು ಕಲಿಯುತ್ತಾರೆ, ಸೂರ್ಯಕಿರಣ್ ತಂಡದ ಮನೆಯೂ ಇಲ್ಲೇ. ಐದನೇ ವರ್ಷದ ಆಟದಲ್ಲಿ ಲಕೋಟೆ ಒಡೆಯುವ ಹೊತ್ತಿಗೇ ತಲೆಯ ಮೇಲೆ ಎರಡು ವಿಮಾನ ಹೋದವು. ನನ್ನ ಮಾತು ಕೇಳದಷ್ಟು ಸದ್ದು. ಒಬ್ಬರೂ ತಲೆ ಎತ್ತಲಿಲ್ಲ. ಸದ್ದು ಅಡಗಿದ ಮೇಲೆ, ಯಾಕೆ ಯಾರೂ ಅಂಜಲಿಲ್ಲ ಅಂತ ಕೇಳಿದೆ.

"ದಿನಾ ಬರ್ತಾವಲ್ರಿ."

"ಮತ್ತ ಮಧ್ಯರಾತ್ರಿ ಬಂದ್ರ?"

ಸ್ವಲ್ಪ ಹೊತ್ತು ಸುಮ್ಮನಾದರು. ಹಿಂದಿನ ಬೆಂಚಿನಿಂದ ಒಬ್ಬ, "ಆವಾಗ ಅಪ್ಪ ಎದ್ದು ಅಂಗಳಕ್ಕ ಬರ್ತಾರ್ರಿ" ಅಂದ.

ಅಷ್ಟೇ ಬೇಕಾಗಿತ್ತು ನನಗೆ. ಯಾರದು, ಎಷ್ಟು ಹೊತ್ತಿಗೆ, ಎಷ್ಟು ಅಂತ ಮೊದಲೇ ಗೊತ್ತಿದ್ದರೆ ಅದು ಅಭ್ಯಾಸ. ಗೊತ್ತಿಲ್ಲದಿದ್ದರೆ ಜನ ಅಂಗಳಕ್ಕೆ ಬರುತ್ತಾರೆ. ಯುರೋಪಿನ ದೇಶಗಳು ಇದಕ್ಕಾಗಿಯೇ ವಿಯೆನ್ನಾ ದಸ್ತಾವೇಜು ಅಂತ ಮಾಡಿಕೊಂಡಿವೆ: 9 ಸಾವಿರ ಸೈನಿಕರಿಗೆ ಮುಟ್ಟುವ ಸಮರಾಭ್ಯಾಸ ಇದ್ದರೆ 42 ದಿನ ಮುಂಚೆ ತಿಳಿಸಬೇಕು, 13 ಸಾವಿರ ಮುಟ್ಟಿದರೆ ನೋಡಲು ಬೇರೆ ದೇಶದವರನ್ನೂ ಕರೆಯಬೇಕು. ಆ ವರ್ಷದಿಂದ ನನ್ನ ಲಕೋಟೆಯಲ್ಲಿ ನಾಲ್ಕನೇ ಆಯ್ಕೆ ಸೇರಿತು: 'ನಡೆಸುತ್ತೇವೆ, ಆದರೆ ದಿನ, ಜಾಗ, ಸಂಖ್ಯೆ ಮೊದಲೇ ತಿಳಿಸುತ್ತೇವೆ.' ಮಕ್ಕಳು ಹೆಚ್ಚಾಗಿ ಇದನ್ನೇ ಆರಿಸುತ್ತಾರೆ, ವಿರೋಧ ಪಕ್ಷದವರ ಬಾಯಿಯೂ ಮುಚ್ಚುತ್ತದೆ.

ಊಟ ಬೇಗ ಮುಗಿಸಿ. ನಾನು ಮನೆಯಿಂದ ಕಟಕ ರೊಟ್ಟಿ, ಶೇಂಗಾ ಹಿಂಡಿ ಒಯ್ಯುತ್ತೇನೆ, ಮಕ್ಕಳು ತಮ್ಮ ಡಬ್ಬಿ ತರುತ್ತಾರೆ. ಗೆರೆ ದಾಟಿ ಹಂಚಿಕೊಂಡು ತಿನ್ನಬಹುದು. 2003ರ ಏಪ್ರಿಲ್ 23ರಂದು ಗೆರೆಯ ದಾಟುಬಾಗಿಲು ತೆರೆದಾಗ ಅಲ್ಲಿಯ ಜನರೂ ಸಾಲುಗಟ್ಟಿ ದಾಟಿದರು, ಬಿಟ್ಟುಬಂದ ಮನೆ ನೋಡಲು.

ಮಧ್ಯಾಹ್ನ ಎರಡಕ್ಕೆ, ಎಲ್ಲರೂ ಸ್ವಲ್ಪ ಮೆತ್ತಗಾಗಿರುವಾಗ, ಟರ್ಕಿಯ ಪಾತ್ರಧಾರಿಗೆ ಗುಟ್ಟಾಗಿ ಒಂದು ಚೀಟಿ ಕೊಡಿ: 'ದ್ವೀಪದ ದಕ್ಷಿಣದ ಸಮುದ್ರದಲ್ಲಿ ನಮ್ಮ ಹಡಗು ತಳ ಶೋಧಿಸಲಿದೆ, ಬೇರೆ ಹಡಗುಗಳು ದೂರ ಇರಲಿ.' ಇದಕ್ಕೆ ನಾವ್‌ಟೆಕ್ಸ್ ಅನ್ನುತ್ತಾರೆ. ಹಡಗುಗಳಿಗೆ ರೇಡಿಯೋದಲ್ಲಿ, 518 ಕಿಲೋಹರ್ಟ್ಸ್ ತರಂಗದಲ್ಲಿ ಬರುವ ಎಚ್ಚರಿಕೆ. ಬಿರುಗಾಳಿ, ಮುಳುಗಿದ ಹಡಗು, ಗುಂಡು ಹಾರಿಸುವ ಅಭ್ಯಾಸ ಎಲ್ಲಕ್ಕೂ ಇದೇ. ನೋಡಲು ಹವಾಮಾನ ವರದಿ ಇದ್ದ ಹಾಗೆ. ಆದರೆ ಆ ನೀರಿನಲ್ಲಿ ಎಚ್ಚರಿಕೆ ಕೊಡುವ ಅಧಿಕಾರ ಯಾರದು ಎಂಬುದೇ ಜಗಳ. ಒಬ್ಬರು ಕೊಟ್ಟರೆ ಇನ್ನೊಬ್ಬರು, ಅದು ಅಸಿಂಧು ಅಂತ ತಮ್ಮ ಕೇಂದ್ರದಿಂದ ಇನ್ನೊಂದು ಕೊಡುತ್ತಾರೆ. 2014ರ ಅಕ್ಟೋಬರ್‌ನಲ್ಲಿ ಬಾರ್ಬರೋಸ್ ಎಂಬ ಟರ್ಕಿಯ ಹಡಗಿಗಾಗಿ ಹೀಗೇ ಸಮುದ್ರ ಕಾಯ್ದಿರಿಸಿದಾಗ ಗ್ರೀಕ್ ಸೈಪ್ರಿಯೋಟ್ ನಾಯಕ ಅನಸ್ತಾಸಿಯಾದಿಸ್ ಮಾತುಕತೆಯನ್ನೇ ನಿಲ್ಲಿಸಿದರು. ಮತ್ತೆ ಶುರುವಾದದ್ದು 2015ರ ಮೇ ತಿಂಗಳಲ್ಲಿ, ಆ ಕಡೆ ಅಕಿಂಜಿ ಗೆದ್ದು ಬಂದ ಮೇಲೆ. ತರಗತಿಯಲ್ಲಿ ಪತ್ರಕರ್ತರಿಬ್ಬರಿಗೂ ರೇಡಿಯೋ ಕೇಂದ್ರದ ಕೆಲಸ ಕೊಡಿ: ಒಬ್ಬ ಎಚ್ಚರಿಕೆ ಓದಬೇಕು, ಇನ್ನೊಬ್ಬ ಅದು ಸುಳ್ಳು ಅಂತ ಓದಬೇಕು. ನಡುವೆ ಸಿಕ್ಕ ಮೀನುಗಾರನ ಪಾತ್ರಕ್ಕೆ ಯಾರಾದರೂ ನಗೆಗಾರರನ್ನು ಹಾಕಿ. ಸಾಮಾನ್ಯವಾಗಿ ಇಲ್ಲೇ ಯಾವುದೋ ಒಂದು ನಿಯೋಗ ಎದ್ದು ಹೊರಗೆ ಹೋಗುತ್ತದೆ. ಹೋಗಲಿ ಬಿಡಿ. ಬಾಗಿಲು ಮಾತ್ರ ಚಿಲಕ ಹಾಕಬೇಡಿ. ಒಂದು ವರ್ಷ ನಾನು ಹಾಕಿದೆ, ಮಕ್ಕಳು ಸೀದಾ ಕ್ಯಾಂಟೀನಿಗೆ ಹೋಗಿ ಭಜಿ ತಿಂದು ಮನೆಗೆ ಹೋದರು. ಪ್ರಿನ್ಸಿಪಾಲರು ನನ್ನನ್ನು ಕರೆಸಿ ಹಾಜರಿ ಕೇಳಿದರು.

ಹೊರಗೆ ಹೋದವರನ್ನು ವಾಪಸ್ ಕರೆಯಲು ನನ್ನ ಹತ್ತಿರ ಒಂದೇ ಉಪಾಯ: ಚರಂಡಿ. ನಗಬೇಡಿ. 1978ರಿಂದ ನಿಕೋಸಿಯಾದ ದಕ್ಷಿಣದ ಮೇಯರ್ ಲೆಲ್ಲೋಸ್ ದಿಮಿತ್ರಿಯಾದಿಸ್, ಉತ್ತರದ ಮುಸ್ತಫಾ ಅಕಿಂಜಿ ಇಬ್ಬರೂ ಕೂಡಿ ಊರಿನ ಒಳಚರಂಡಿ ಒಂದೇ ಮಾಡಿಸಿದರು. ಕೊಳಚೆ ಇಳಿಜಾರಿಗೆ ಹರಿಯುತ್ತದೆ, ಶುದ್ಧೀಕರಣ ಘಟಕ ಇದ್ದದ್ದು ಉತ್ತರದಲ್ಲಿ, ಹೆಚ್ಚಿನ ಮನೆಗಳು ದಕ್ಷಿಣದಲ್ಲಿ. ಇಬ್ಬರಿಗೂ ಒಬ್ಬರನ್ನೊಬ್ಬರು ಬಿಟ್ಟು ಗತಿಯಿರಲಿಲ್ಲ. ಮುಂದೆ ಮೂವತ್ತೇಳು ವರ್ಷಕ್ಕೆ ಸಂಧಾನದ ಮೇಜಿಗೆ ಬಂದದ್ದು ಅದೇ ಅಕಿಂಜಿ. ಬೀದರಿನ ಮಳೆಗಾಲ ಕಂಡ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಲ್ಲ. ನಿಯೋಗಗಳು ಮುನಿಸಿಕೊಂಡಾಗ ನಾಯಕರನ್ನು ಬಿಟ್ಟು ಸಲಹೆಗಾರರನ್ನು ಮಾತ್ರ ಕರೆದು, ಕಪ್ಪು ಹಲಗೆ ಮೇಲೆ ಎರಡು ಓಣಿಯ ನಾಲಾ ಬರೆದು, ಪೈಪು ಎಲ್ಲಿ ದಾಟಬೇಕು, ದುಡ್ಡು ಯಾರು ಎಷ್ಟು ಹಾಕಬೇಕು ಅಂತ ಕೇಳಿ. ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತಾರೆ. ಇದರ ಜೊತೆಗೆ ಕಾಣೆಯಾದವರ ಸಮಿತಿಯನ್ನೂ ಇಡಿ. 1981ರಲ್ಲಿ ಎರಡೂ ಸಮುದಾಯ ಸೇರಿ ಮಾಡಿಕೊಂಡದ್ದು, ಪಟ್ಟಿಯಲ್ಲಿ 2,002 ಹೆಸರು, 1,510 ಗ್ರೀಕ್ ಸೈಪ್ರಿಯೋಟರು, 492 ತುರ್ಕ್ ಸೈಪ್ರಿಯೋಟರು. ಸಾವಿರಕ್ಕೂ ಹೆಚ್ಚು ಜನರ ಎಲುಬು ಗುರುತಿಸಿ ಮನೆಯವರಿಗೆ ಒಪ್ಪಿಸಿದ್ದಾರೆ. ಈ ವಿಷಯಕ್ಕೆ ಬಂದಾಗ ತರಗತಿಯಲ್ಲಿ ಸದ್ದು ಇರುವುದಿಲ್ಲ.

ಕೊನೆಯ ಸುತ್ತಿಗೆ ದೊಡ್ಡ ವಿಷಯಗಳು. ನಿಜವಾದ ಮಾತುಕತೆಯಲ್ಲಿ ಆರು ಅಧ್ಯಾಯ: ಅಧಿಕಾರ ಹಂಚಿಕೆ, ಆರ್ಥಿಕತೆ, ಯುರೋಪಿಯನ್ ಒಕ್ಕೂಟದ ವಿಷಯ, ಆಸ್ತಿ, ನೆಲ, ಭದ್ರತೆ ಮತ್ತು ಖಾತರಿ. ಒಂದು ದಿನಕ್ಕೆ ಎರಡೇ ಸಾಕು, ನಾನು ಆಸ್ತಿ ಮತ್ತು ಭದ್ರತೆ ಇಡುತ್ತೇನೆ. ಆಸ್ತಿಗೆ ಒಂದು ಹಳೇ ಬೀಗದ ಕೈ ಮೇಜಿನ ಮೇಲಿಡಿ. ಮನೆ ವಾಪಸ್, ಬದಲಿ ಮನೆ, ಪರಿಹಾರದ ಹಣ, ಈ ಮೂರರಲ್ಲಿ ಯಾವುದು, ನಿರ್ಧಾರ ಮನೆ ಬಿಟ್ಟುಹೋದವನದೋ ಈಗ ಇರುವವನದೋ? ಜಮೀನಿನ ಪಾಲಿನ ಜಗಳ ಕಂಡು ಬೆಳೆದ ನಮ್ಮ ಮಕ್ಕಳು ಇದರಲ್ಲಿ ನಮಗೇ ಪಾಠ ಹೇಳುತ್ತಾರೆ. ಭದ್ರತೆಗೆ 2017ರ ಸ್ವಿಟ್ಜರ್ಲೆಂಡಿನ ಕ್ರಾನ್ಸ್ ಮೊಂಟಾನಾ ಸಭೆ ನೆನಪಿಸಿ: ಜೂನ್ 28ಕ್ಕೆ ಶುರುವಾಗಿ ಜುಲೈ 7ರ ನಸುಕಿಗೆ ಮುರಿಯಿತು, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಗುಟೆರೆಸ್ ಖುದ್ದು ಕೂತಿದ್ದರೂ. ಒಂದು ಕಡೆಗೆ ಹೊರಗಿನ ಸೈನ್ಯ ಒಬ್ಬನೂ ಇರಬಾರದು, ಇನ್ನೊಂದು ಕಡೆಗೆ ಸೈನ್ಯ ಇಲ್ಲದೆ ನಿದ್ದೆ ಬರದು. ರಾಯಭಾರಿ ಮೇಲಿಂದ ಮೇಲೆ ಹೇಳಬೇಕಾದ ಒಂದು ನಿಯಮ ಇದೆ: ಎಲ್ಲಕ್ಕೂ ಒಪ್ಪುವವರೆಗೆ ಯಾವುದಕ್ಕೂ ಒಪ್ಪಿದಂತಲ್ಲ. ಅಲ್ಲಿ ಅದು ನಿಯಮವೇ. ನನಗೆ ಮಾತ್ರ ಅದು ಅಷ್ಟು ಹಿಡಿಸುವುದಿಲ್ಲ. ಚರಂಡಿಯವರು ಹಾಗೆ ಕಾಯಲಿಲ್ಲ.

ನಕಾಶೆ ಬೇಕೇ ಬೇಕು ಅಂತ ಹಟ ಮಾಡಿದರೆ ನಮ್ಮ ಹಳೇ ಜಿಲ್ಲೆಯ ನಕಾಶೆ ತೋರಿಸುತ್ತೇನೆ. 1956ರಲ್ಲಿ ಉದಗೀರ್, ನಿಲಂಗಾ, ಅಹಮದ್‌ಪುರ ಮರಾಠಿ ಕಡೆಗೆ ಹೋದವು, ಜಹೀರಾಬಾದ್ ಮತ್ತು ನಾರಾಯಣಖೇಡ್ ತೆಲುಗು ಕಡೆಗೆ. ಅತ್ತೆಯ ಮನೆ ಉದಗೀರಿನಲ್ಲಿ ಇದ್ದವರು ಕೈ ಎತ್ತಿ ಅಂದರೆ ನಾಲ್ಕೈದು ಕೈ ಏಳುತ್ತವೆ. ಬಸ್ಸಿಗೆ ಟಿಕೆಟ್ ತಗೊಂಡು ಹೋಗಿ ಬರುತ್ತಾರೆ, ಅದೇ ವ್ಯತ್ಯಾಸ.

ಮೂರೂವರೆಗೆ ಮತದಾನ. ರಾಯಭಾರಿ ಕರಡು ಓದಿದ ಮೇಲೆ ಎರಡು ಡಬ್ಬಿ ಇಡಿ, ಒಂದೊಂದು ಕಡೆಗೆ ಒಂದು. ಒಂದೇ ಡಬ್ಬಿಯಲ್ಲಿ ಕಲಸಿದರೆ ಇಡೀ ದಿನದ ಕೆಲಸ ಹಾಳು. 2004ರ ಏಪ್ರಿಲ್ 24ರಂದು, ದ್ವೀಪವನ್ನು ಮತ್ತೆ ಒಂದು ಮಾಡಲು ವಿಶ್ವಸಂಸ್ಥೆ ತಂದ ಅನ್ನಾನ್ ಯೋಜನೆಗೆ ಎರಡೂ ಕಡೆ ಬೇರೆ ಬೇರೆಯಾಗಿ ಜನಮತಗಣನೆ ಆಯಿತು: ತುರ್ಕ್ ಸೈಪ್ರಿಯೋಟರಲ್ಲಿ ಸುಮಾರು 65 ಶೇಕಡಾ ಹೌದು, ಗ್ರೀಕ್ ಸೈಪ್ರಿಯೋಟರಲ್ಲಿ ಸುಮಾರು 76 ಶೇಕಡಾ ಬೇಡ. ಒಂದು ವಾರ ಕಳೆದು, ಮೇ 1ಕ್ಕೆ, ಬೇಡ ಅಂದವರ ಸರ್ಕಾರ ಯುರೋಪಿಯನ್ ಒಕ್ಕೂಟ ಸೇರಿತು. ಒಕ್ಕೂಟದ ಚೀಟಿ ಎತ್ತಿ ಬೆಳಗಿಂದ ತೂಕಡಿಸುತ್ತಿದ್ದವನಿಗೆ ಇದನ್ನು ಈಗ ಓದಲು ಕೊಡಿ, ಉತ್ತರದ ಬೆಂಚುಗಳಿಂದ ಬರುವ ಕೂಗನ್ನು ಅವನೇ ತಡೆದುಕೊಳ್ಳಲಿ.

ನನ್ನ ಒಂಬತ್ತು ಸಲದಲ್ಲಿ ಎರಡೂ ಡಬ್ಬಿಯಲ್ಲಿ ಹೌದು ಬಂದದ್ದು ಒಂದೇ ಸಲ. ಆ ವರ್ಷದ ಕರಡು ಅರ್ಧ ಹಾಳೆಯದು. ಚರಂಡಿ, ಕಾಣೆಯಾದವರು, ಸಮರಾಭ್ಯಾಸಕ್ಕೆ 42 ದಿನದ ಮುನ್ಸೂಚನೆ, ಅಷ್ಟೇ. ಅದನ್ನು ಒಪ್ಪಂದ ಅನ್ನಬೇಕೋ ಬೇಡವೋ ಅಂತ ಸ್ಟಾಫ್ ರೂಮಿನಲ್ಲಿ ಇವತ್ತಿಗೂ ನನ್ನನ್ನು ಕಾಡಿಸುತ್ತಾರೆ. ಆಟದ ನಂತರ ಸುದ್ದಿ ಓದುವ ಚಟ ಕೆಲವರಿಗೆ ಹಿಡಿಯುತ್ತದೆ. 2025ರ ಅಕ್ಟೋಬರ್‌ನಲ್ಲಿ ಉತ್ತರದಲ್ಲಿ ತುಫಾನ್ ಎರ್‌ಹುರ್‌ಮಾನ್ ನಾಯಕನ ಚುನಾವಣೆ ಗೆದ್ದಾಗ, ಹಳೇ ಬ್ಯಾಚಿನ 'ಟೋರೋಸ್' ಹುಡುಗ ನನಗೆ ಫೋನ್ ಮಾಡಿ, "ಮೇಡಂ, ಹೊಸಾ ಲಕೋಟೆ ಬಂತಲ್ರಿ" ಅಂದ.

ಔರಾದ ಬಸ್ಸು 4.40ಕ್ಕೆ. ಆ ಕಡೆಯ ಹುಡುಗಿಯರು ನಾಲ್ಕು ಗಂಟೆಯಿಂದಲೇ ಗಡಿಯಾರ ನೋಡುತ್ತಾರೆ, ಅದು ತಪ್ಪಿದರೆ ಮುಂದಿನದಕ್ಕೆ ಕತ್ತಲಾಗುತ್ತದೆ. ಎಣಿಕೆ ಅರ್ಧ ಆಗಿದ್ದರೂ 4.15ಕ್ಕೆ ಬಿಟ್ಟುಬಿಡಿ. ಡಬ್ಬಿಗಳಿಗೆ ಅಂಟು ಪಟ್ಟಿ ಸುತ್ತಿ, ಮೇಲೆ ಎರಡೂ ನಾಯಕರ ರುಜು ಹಾಕಿಸಿ, ಕಮಾಂಡರ್ ಕೈಯಿಂದಲೇ ಬೀರುವಿನಲ್ಲಿ ಇಡಿಸಿ. ಮರುದಿನ ಮೊದಲ ಪಿರಿಯಡ್‌ನಲ್ಲಿ ಎಲ್ಲರ ಮುಂದೆ ಎಣಿಸಿ.